ತಿನ್ನೋ ಸೋಡಾ: ಎಷ್ಟು ಹಾಕಬೇಕು, ಯಾರು ಎಚ್ಚರವಹಿಸಬೇಕು



ಕಳೆದ ರಾಜ್ಯೋತ್ಸವದ ದಿನ ಬೆಳಗಿನ ಜಾವ ನಮ್ಮ ಸಂಘದ ಅಡುಗೆಮನೆಯಲ್ಲಿ ನಡೆದ ಸಂಗತಿ ಅಲ್ಲಿದ್ದ ನಾಲ್ಕೈದು ಮಂದಿಗೆ ಮಾತ್ರ ಗೊತ್ತು. ಒಗ್ಗರಣೆ-ಬಜ್ಜಿಗೆಂದು ನಾಲ್ಕು ಕಿಲೋ ಕಡಲೆಹಿಟ್ಟು ಕಲಸಿ ಇಟ್ಟಿದ್ದರು. ನಮ್ಮ ಅಡುಗೆಯ ಅಕ್ಕನವರು ಹಿಟ್ಟಿಗೆ ಚೂರು ಅರಿಸಿನ ಹಾಕುವವರು. ಎಣ್ಣೆ ಕಾದ ಮೇಲೆ ಸೋಡಾದ ಪೊಟ್ಟಣ ಬಿಚ್ಚಿ, ಅಂದಾಜಿನ ಮೇಲೆ ಹಾಕಿ ಕೈಯಾಡಿಸಿದರು. ಹಳದಿ ಹಿಟ್ಟು ನೋಡನೋಡುತ್ತಿದ್ದಂತೆ ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಬೆರಳುಗಳು ಸೋಪು ಹಿಡಿದ ಹಾಗೆ ಜಾರಿದವು. ಅವರು ಯಾರನ್ನೂ ಕೇಳಲಿಲ್ಲ, ಪಾತ್ರೆಯನ್ನು ಹೊರಗೆ ಒಯ್ದು ಬೋರಲು ಹಾಕಿಸಿಬಿಟ್ಟರು. ನಾಲ್ಕು ಕಿಲೋ ಹಿಟ್ಟು ಹೋಯಿತಲ್ಲ ಎಂದು ನಾವು ಗೊಣಗಿದೆವು. ಖರ್ಚಿನ ಲೆಕ್ಕ ಬರೆಯುವವರಿಗೆ ಮೊದಲು ಕಾಣುವುದು ಅದೇ.

ಆಮೇಲೆ ವಿಚಾರಿಸಿದಾಗ ತಪ್ಪು ನಮ್ಮದೇ ಎಂದು ತಿಳಿಯಿತು. ಅಂಗಡಿಗೆ ಕಳಿಸಿದ ಪಟ್ಟಿಯಲ್ಲಿ ನಾವು 'ಸೋಡಾ, 2 ಪೊಟ್ಟಣ' ಎಂದಷ್ಟೇ ಬರೆದಿದ್ದೆವು. ಒಂದು ಬಜ್ಜಿಗೆ, ಇನ್ನೊಂದು ಜಮಖಾನೆ, ಮೇಜಿನ ಬಟ್ಟೆ ಒಗೆಯಲಿಕ್ಕೆ. ಎರಡನ್ನೂ ಹಳೆಯ ಪತ್ರಿಕೆಯ ಕಾಗದದಲ್ಲಿ ಕಟ್ಟಿಕೊಟ್ಟಿದ್ದರು. ಬಿಳಿ ಪುಡಿಯ ಮುಖ ನೋಡಿ ಯಾರು ಹೇಳಿಯಾರು? ನಾಲ್ವತ್ತು ವರ್ಷ ಗುಮಾಸ್ತಿಕೆ ಮಾಡಿದವರು ಬರೆದ ಪಟ್ಟಿ ಇದು ಎಂದು ಒಪ್ಪಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ.

ಈ ಸುದ್ದಿ ಕಿವಿಗೆ ಬಿದ್ದವರು ಅಲ್ಲಿಂದೀಚೆಗೆ ಸೋಡಾ ಬಗ್ಗೆ ಕೇಳುತ್ತಲೇ ಇದ್ದಾರೆ. ಸೋಡಾ ವಿಷವೇ? ಬಿ.ಪಿ. ಇದ್ದವರು ಬಜ್ಜಿ ತಿನ್ನಬಹುದೇ? ಬೇಳೆಗೆ ಹಾಕಬಹುದೇ? ಗ್ಯಾಸಿಗೆ ಕುಡಿಯಬಹುದೇ? ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಹೇಳುವ ಬದಲು ಇಲ್ಲಿ ಒಟ್ಟಾಗಿ ಬರೆದಿದ್ದೇವೆ.

ಮೊದಲು ಹೆಸರಿನ ಗೊಂದಲ. ನಮ್ಮ ಸಿ. ಬೆಳಗಲ್ ಕಡೆ ತಿನ್ನೋ ಸೋಡಾ, ಅಡುಗೆ ಸೋಡಾ, ತೆಲುಗಿನಲ್ಲಿ ವಂಟ ಸೋಡಾ ಅನ್ನುವುದೆಲ್ಲ ಒಂದೇ, ಸೋಡಿಯಂ ಬೈಕಾರ್ಬೊನೇಟ್. ಬಟ್ಟೆ ಸೋಡಾ, ಅಂದರೆ ತೆಲುಗಿನವರ ಚಾಕಲಿ ಸೋಡಾ, ಬೇರೆ. ಅದು ಸೋಡಿಯಂ ಕಾರ್ಬೊನೇಟ್. ಹಪ್ಪಳಕ್ಕೆ ಹಾಕುವ ಹಪ್ಪಳ ಖಾರವೂ ಬಹುಮಟ್ಟಿಗೆ ಈ ಕಾರ್ಬೊನೇಟೇ, ಆದರೆ ತಿನ್ನುವ ಪದಾರ್ಥಕ್ಕೆಂದು ಶುದ್ಧ ಮಾಡಿದ್ದು. ಅಲ್ಲಿ 'ಖಾರ' ಎಂದರೆ ಕ್ಷಾರ. ಮಕ್ಕಳನ್ನು ಅಂಗಡಿಗೆ ಕಳಿಸಿ 'ಖಾರ ತಾ' ಎಂದರೆ ಮೆಣಸಿನಪುಡಿ ತಂದಾರು. ಬೇಕಿಂಗ್ ಪೌಡರ್ ಇನ್ನೂ ಬೇರೆ. ಅದರಲ್ಲಿ ತಿನ್ನೋ ಸೋಡಾ ಜೊತೆಗೆ ಹುಳಿ ಗುಣದ ಒಂದು ಲವಣವೂ, ತೇವ ಹೀರಲು ಸ್ವಲ್ಪ ಪಿಷ್ಟವೂ ಇರುತ್ತವೆ. ಕೇಕಿಗೆ ಬೇಕಿಂಗ್ ಪೌಡರ್ ಎಂದು ಬರೆದಿದ್ದರೆ ಅಷ್ಟೇ ಅಳತೆಯ ಸೋಡಾ ಹಾಕಬಾರದು, ಕಹಿಯಾಗುತ್ತದೆ. ಗೋಲಿ ಸೋಡಾದಲ್ಲಿ ಇರುವುದು ಒತ್ತಡದಲ್ಲಿ ತುಂಬಿದ ಇಂಗಾಲದ ಡೈಆಕ್ಸೈಡ್ ಅನಿಲ. ಹೆಸರೊಂದು ಬಿಟ್ಟರೆ ಅದಕ್ಕೂ ಈ ಪುಡಿಗೂ ಸಂಬಂಧ ಕಡಿಮೆ.

ಸೋಡಾ ಮಾಡುವ ಕೆಲಸವೇನು? ಹಿಟ್ಟಿನೊಳಗೆ ಗಾಳಿ ತುಂಬುವುದು. ಅದು ಎರಡು ದಾರಿಯಲ್ಲಿ ಆಗುತ್ತದೆ. ಮೊಸರು, ನಿಂಬೆ, ಹುಣಸೆಯಂಥ ಹುಳಿ ತಾಗಿದರೆ ಸೋಡಾ ಕೂಡಲೇ ನೊರೆಯುಕ್ಕಿ ಅನಿಲ ಬಿಡುತ್ತದೆ. ಹುಳಿ ಇಲ್ಲದಿದ್ದರೆ ಬಿಸಿ ತಾಗಿದಾಗ ಒಡೆಯುತ್ತದೆ. 50 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ನಿಧಾನವಾಗಿ, ಕುದಿಯುವ ಮಟ್ಟಕ್ಕೆ ಬಂದಾಗ ವೇಗವಾಗಿ. ಈ ಎರಡು ದಾರಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಹುಳಿಯೊಡನೆ ಸೇರಿದರೆ ಸೋಡಾದೊಳಗಿನ ಅನಿಲವೆಲ್ಲ ಹೊರಬರುತ್ತದೆ. ಬರೀ ಬಿಸಿಯಿಂದಾದರೆ ಅರ್ಧ ಮಾತ್ರ ಬರುತ್ತದೆ, ಉಳಿದದ್ದು ಕಾರ್ಬೊನೇಟ್ ಆಗಿ, ಅಂದರೆ ಬಟ್ಟೆ ಸೋಡಾದ ರೂಪದಲ್ಲೇ, ಹಿಟ್ಟಿನಲ್ಲಿ ಕೂರುತ್ತದೆ. ಸೋಡಾ ಜಾಸ್ತಿಯಾದ ಬಜ್ಜಿ ಬಾಯಲ್ಲಿ ಸೋಪಿನ ಹಾಗೆ ಅನ್ನಿಸುವುದು ಇದರಿಂದಲೇ. ಮಂಗಳೂರು ಕಡೆಯ ಗೋಳಿಬಜೆ ಹುಳಿಮೊಸರಿನಲ್ಲಿ ಕಲಸಿದ್ದು, ಆದ್ದರಿಂದ ಅಲ್ಲಿ ಸೋಡಾದ ರುಚಿ ಎದ್ದು ಕಾಣುವುದಿಲ್ಲ. ನಮ್ಮ ಮೆಣಸಿನಕಾಯಿ ಬಜ್ಜಿಯ ಹಿಟ್ಟಿನಲ್ಲಿ ಹುಳಿಯೇ ಇಲ್ಲ. ನಮ್ಮವರು ಅಳತೆಯಲ್ಲಿ ಇನ್ನಷ್ಟು ಹುಷಾರಾಗಿರಬೇಕು.

ಬಜ್ಜಿಯ ಮಾತು ಬಂದ ಮೇಲೆ ಒಂದು ಹಳೆಯ ನೆನಪು ಹೇಳದೆ ಹೋಗಲಾರೆವು. ಆದೋನಿ, ಆಲೂರು ತಾಲ್ಲೂಕುಗಳು 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟುವ ತನಕ ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. ಗಡಿ ಬಂತು, ತಿಂಡಿ ಮಾತ್ರ ಎರಡೂ ಕಡೆ ಅದೇ ಉಳಿಯಿತು. ಬಳ್ಳಾರಿಯಲ್ಲಿ ಒಗ್ಗರಣೆ-ಮಿರ್ಚಿ ಅನ್ನುವುದನ್ನೇ ಆದೋನಿ, ಎಮ್ಮಿಗನೂರಿನ ಹೋಟೆಲುಗಳಲ್ಲಿ ಉಗ್ಗಾಣಿ-ಬಜ್ಜಿ ಅನ್ನುತ್ತಾರೆ. ನೆನೆಸಿ ಹಿಂಡಿದ ಮಂಡಕ್ಕಿಗೆ ಈರುಳ್ಳಿ, ಹಸಿಮೆಣಸಿನಕಾಯಿ, ಪುಟಾಣಿ ಪುಡಿ, ಪಕ್ಕದಲ್ಲಿ ಬಿಸಿ ಬಜ್ಜಿ. ನಮ್ಮ ಜನ ದಿನ ಬೆಳಗಾದರೆ ತಿನ್ನುವುದು ಇದನ್ನೇ. ಆದ್ದರಿಂದ ಸೋಡಾದ ಪ್ರಶ್ನೆ ನಮಗೆ ಕೇಕು, ಬ್ರೆಡ್ಡಿನ ಪ್ರಶ್ನೆಯಲ್ಲ.

ಇನ್ನು ಲೆಕ್ಕಕ್ಕೆ ಬರೋಣ, ಇದು ನಮಗೆ ಅಭ್ಯಾಸವಿರುವ ಕೆಲಸ. ಅರ್ಧ ಕಿಲೋ ಕಡಲೆಹಿಟ್ಟಿಗೆ ಅರ್ಧ ಟೀ ಚಮಚ ಸೋಡಾ ಧಾರಾಳವಾಯಿತು. ಅದರ ತೂಕ ಸುಮಾರು 2.3 ಗ್ರಾಂ. ಸೋಡಾದ ತೂಕದಲ್ಲಿ ನೂರಕ್ಕೆ 27 ಪಾಲು ಸೋಡಿಯಂ, ಅಂದರೆ ಇಲ್ಲಿ 630 ಮಿಲಿಗ್ರಾಂ ಆಸುಪಾಸು. ಮೂವತ್ತು ಬಜ್ಜಿಯಾದರೆ ಒಂದರಲ್ಲಿ 21 ಮಿಲಿಗ್ರಾಂ. ಅದೇ ಹಿಟ್ಟಿಗೆ 10 ಗ್ರಾಂ ಉಪ್ಪು ಹಾಕಿದ್ದೇವೆ ಎನ್ನಿ. ಉಪ್ಪಿನಿಂದ ಬರುವ ಸೋಡಿಯಂ 3,900 ಮಿಲಿಗ್ರಾಂ, ಬಜ್ಜಿಗೆ 130. ಬಿ.ಪಿ. ಇದ್ದವರು ಬಜ್ಜಿಯ ಸೋಡಾಕ್ಕೆ ಹೆದರಿ ಉಪ್ಪನ್ನು ಮರೆಯುವುದು ಸರಿಯಲ್ಲ ಎಂಬುದು ಈ ಲೆಕ್ಕದಲ್ಲೇ ಇದೆ. ದೊಡ್ಡವರಿಗೆ ದಿನಕ್ಕೆ 2,000 ಮಿಲಿಗ್ರಾಂಗಿಂತ ಕಡಿಮೆ ಸೋಡಿಯಂ, ಅಂದರೆ 5 ಗ್ರಾಂಗಿಂತ ಕಡಿಮೆ ಉಪ್ಪು ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಸೋಡಾ ಹೆಚ್ಚಾದರೆ ರುಚಿ ಕೆಡುವುದರ ಜೊತೆಗೆ ಎಣ್ಣೆಯೂ ಕುಡಿಯುತ್ತದೆ. ಹಿಟ್ಟಿನಲ್ಲಿ ತೂತು ಹೆಚ್ಚಾದಷ್ಟೂ ಎಣ್ಣೆ ಒಳಗೆ ಇಳಿಯಲು ಜಾಗ ಹೆಚ್ಚು. ಮೇಲ್ಭಾಗ ಬೇಗ ಕೆಂಪಾಗಿ, ಬೆಂದಿದೆ ಎಂದು ತೆಗೆದರೆ ಒಳಗೆ ಹಸಿ. ಸೋಡಾವನ್ನು ಕೊನೆಗೆ ಹಾಕಬೇಕು, ಹಾಕಿ ಬಹಳ ಹೊತ್ತು ಇಡಬಾರದು. ಅನಿಲ ಹೊರಟುಹೋದರೆ ಮತ್ತೊಂದು ಚಿಟಿಕೆ ಹಾಕುವ ಆಸೆಯಾಗುತ್ತದೆ, ಹೆಚ್ಚಾಗುವುದು ಅಲ್ಲೇ. ನಮ್ಮ ಅಕ್ಕನವರು ಈಗ ಸೋಡಾ ಅರ್ಧಕ್ಕೆ ಇಳಿಸಿ, ಒಂದು ಹಿಡಿ ಅಕ್ಕಿಹಿಟ್ಟು, ಎರಡು ಸೌಟು ಕಾದ ಎಣ್ಣೆ ಹಾಕಿ ಕಲಸುತ್ತಾರೆ. ಗರಿಗರಿಯಾಗಿ ಬರುತ್ತವೆ. ಹೋಟೆಲಿನ ಹಾಗೆ ಉಬ್ಬುವುದಿಲ್ಲ, ನಿಜ. ನಮಗೆ ಅದೇ ಇಷ್ಟ.

ಕಾನೂನಿನ ಪ್ರಕಾರ ಇದು ಒಪ್ಪಿತ ಆಹಾರ ಸಂಯೋಜಕ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಡಿ ಬಂದ ನಿಯಮಗಳಲ್ಲಿ ಇದಕ್ಕೆ ಸ್ಥಾನವಿದೆ. ಬಿಸ್ಕತ್ತು, ಬ್ರೆಡ್ಡು ಪೊಟ್ಟಣದ ಹಿಂದೆ ಐಎನ್‌ಎಸ್ 500 ಎಂದು ಬರೆದು ಆವರಣದಲ್ಲಿ ರೋಮನ್ ಎರಡು ಹಾಕಿದ್ದರೆ ಅದು ತಿನ್ನೋ ಸೋಡಾ, ರೋಮನ್ ಒಂದು ಹಾಕಿದ್ದರೆ ಸೋಡಿಯಂ ಕಾರ್ಬೊನೇಟ್. ಆಹಾರದಲ್ಲಿ ಸೇರುವ ಮಟ್ಟಕ್ಕೆ ದಿನಕ್ಕೆ ಇಂತಿಷ್ಟೇ ಎಂಬ ಅಂಕಿಯ ಮಿತಿಯನ್ನು ವಿಶ್ವಸಂಸ್ಥೆಯ ತಜ್ಞರ ಸಮಿತಿಯೂ ಹಾಕಿಲ್ಲ. ಅದನ್ನು ವಿಷವೆಂದು ಬಗೆದಿದ್ದರೆ ಹೀಗೆ ಬಿಡುತ್ತಿರಲಿಲ್ಲ. ಆದರೆ ಹಾಲಿಗೆ ಮಾತ್ರ ಕಾನೂನು ಬೇರೆ. ಬೇಸಿಗೆಯಲ್ಲಿ ಹಾಲು ಒಡೆಯದಿರಲಿ ಎಂದು ಸೋಡಾ ಬೆರೆಸಿ ಮಾರುವುದು ಕಲಬೆರಕೆ. ಡೈರಿಯವರು ರೋಸಾಲಿಕ್ ಆಮ್ಲದ ಹನಿ ಹಾಕಿ ಗುಲಾಬಿ ಬಣ್ಣ ಬಂದರೆ ಹಿಡಿಯುತ್ತಾರೆ. ಮನೆಯಲ್ಲಿ ಹಳಸಲು ಹತ್ತಿದ ಹಾಲಿಗೆ ಚಿಟಿಕೆ ಹಾಕಿ ಕಾಯಿಸುವ ಅಜ್ಜಿಯರ ಉಪಾಯ ನಮಗೂ ಗೊತ್ತು. ಅದು ಹುಳಿಯನ್ನು ಮುಚ್ಚುತ್ತದೆಯೇ ಹೊರತು ಹಾಲನ್ನು ಹಿಂದಿನಂತೆ ಒಳ್ಳೆಯದು ಮಾಡುವುದಿಲ್ಲ.

ಬೇಳೆಯ ವಿಷಯ. ಹೊಳೆದಂಡೆಯ ಹಳ್ಳಿಗಳ ಹಿರಿಯ ಹೆಣ್ಣುಮಕ್ಕಳು, ತುಂಗಭದ್ರೆಯ ನೀರಿಗೆ ಬೇಳೆ ಬೆಣ್ಣೆಯ ಹಾಗೆ ಬೇಯುತ್ತಿತ್ತು, ಬೋರಿನ ನೀರಿಗೆ ಬೇಯುವುದೇ ಇಲ್ಲ ಅನ್ನುತ್ತಾರೆ. ಅದು ಬರೀ ಹಳೆಯದರ ಮೇಲಿನ ಮಮತೆಯಲ್ಲ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಕಾಳಿನ ಗೋಡೆಯೊಳಗಿನ ಪೆಕ್ಟಿನ್ನಿಗೆ ಅಂಟಿಕೊಂಡು ಅದನ್ನು ಬಿಗಿಮಾಡುತ್ತವೆ. ಚಿಟಿಕೆ ಸೋಡಾ ಆ ಬಿಗಿ ಸಡಿಲಿಸುತ್ತದೆ, ಬೇಳೆ ಬೇಗ ಕರಗುತ್ತದೆ, ಸೌದೆಯೋ ಗ್ಯಾಸೋ ಉಳಿಯುತ್ತದೆ. ಆದರೆ ಬೆಲೆ ತೆರುವುದು ಬಿ1 ಜೀವಸತ್ವ. ಥಯಾಮಿನ್ ಎನ್ನುವ ಅದು ಕ್ಷಾರದಲ್ಲಿ ಬೇಯಿಸಿದರೆ ನಾಶವಾಗುತ್ತದೆ. ಪಾಲಿಶ್ ಅಕ್ಕಿ ಉಣ್ಣುವ ಮನೆಯಲ್ಲಿ ಅದು ಸಿಗುವುದೇ ಬೇಳೆಕಾಳಿನಿಂದ. ಅದನ್ನೂ ಸೋಡಾಕ್ಕೆ ಕೊಟ್ಟರೆ ಹೇಗೆ? ತೊಗರಿಬೇಳೆಯನ್ನು ಅರ್ಧ ಗಂಟೆ, ಕಡಲೆಕಾಳನ್ನು ರಾತ್ರಿಯಿಡೀ ನೆನೆಸಿ ಕುಕ್ಕರಿನಲ್ಲಿಟ್ಟರೆ ಸೋಡಾ ಬೇಕಾಗುವುದಿಲ್ಲ. ಹುಣಸೆ, ಟೊಮೆಟೊಗಳನ್ನು ಬೇಳೆ ಬೆಂದ ಮೇಲೆ ಹಾಕಬೇಕು, ಹುಳಿ ಮೊದಲೇ ಬಿದ್ದರೆ ಕಾಳು ಬೇಯದು. ಸೊಪ್ಪು ಹಸಿರಾಗಿ ಕಾಣಲೆಂದು ಸೋಡಾ ಹಾಕುವವರಿಗೂ ಇದೇ ಮಾತು, ಅಲ್ಲಿ ಹೋಗುವುದು ಸಿ ಜೀವಸತ್ವ. ಇಡ್ಲಿ ಹಿಟ್ಟು ಹುದುಗದ ಚಳಿಗಾಲದಲ್ಲಿ ಎಂದಾದರೊಮ್ಮೆ ಚಿಟಿಕೆ ಹಾಕಿದರೆ ಏನೂ ಆಗದು, ಹುದುಗಿನ ರುಚಿ ಮಾತ್ರ ಬರುವುದಿಲ್ಲ.

ಇಷ್ಟು ಅಡುಗೆಯ ಸಂಗತಿ. ನಮಗೆ ನಿಜವಾಗಿ ಆತಂಕವಿರುವುದು ಲೋಟದಲ್ಲಿ ಕದಡಿ ಕುಡಿಯುವವರ ಬಗ್ಗೆ. ನಮ್ಮ ಸದಸ್ಯರಲ್ಲಿ ಬಹಳಷ್ಟು ಮಂದಿ ಅರವತ್ತು ದಾಟಿದವರು, ಮತ್ತು ಊಟವಾದ ಮೇಲೆ ಹೊಟ್ಟೆ ಉಬ್ಬರ, ಹುಳಿತೇಗು ಎಂದು ಸೋಡಾ ಕುಡಿಯುವವರು ಕಡಿಮೆಯಿಲ್ಲ. ಇದನ್ನು ಬರೆಯುತ್ತಿರುವ ನಾವೂ ಆ ಗುಂಪಿನವರೇ ಆಗಿದ್ದೆವು. ಸುಮಾರು ಆರು ವರ್ಷ, ಪ್ರತಿ ರಾತ್ರಿ ಒಂದು ಟೀ ಚಮಚ. ಆ ಅವಧಿಯಲ್ಲಿ ಬಿ.ಪಿ. ಮಾತ್ರೆ ಎರಡು ಸಲ ಹೆಚ್ಚಾಯಿತು. ಉಪ್ಪಿನಕಾಯಿ, ಹಪ್ಪಳ ತಿನ್ನುತ್ತೀರಾ ಎಂದು ವೈದ್ಯರು ಕೇಳಿದರೆ, ಬಿಟ್ಟು ಯಾವ ಕಾಲವಾಯಿತು ಎಂದು ಹೆಮ್ಮೆಯಿಂದ ಹೇಳುತ್ತಿದ್ದೆವು. ಸೋಡಾದ ಮಾತು ಅವರು ಎತ್ತಲಿಲ್ಲ, ನಾವೂ ಹೇಳಲಿಲ್ಲ. ಉಪ್ಪಿನ ರುಚಿ ಇಲ್ಲದ್ದು ಉಪ್ಪಿನ ಲೆಕ್ಕಕ್ಕೆ ಸೇರುತ್ತದೆಂದು ನಮಗೆ ಹೊಳೆದಿರಲೇ ಇಲ್ಲ. ಒಂದು ಟೀ ಚಮಚ ಸೋಡಾದಲ್ಲಿ 1,200 ಮಿಲಿಗ್ರಾಂಗೂ ಮೇಲ್ಪಟ್ಟು ಸೋಡಿಯಂ ಇದೆ, ಮೂರು ಗ್ರಾಂ ಉಪ್ಪಿನಲ್ಲಿರುವಷ್ಟು. ಉಪ್ಪಿನಕಾಯಿ ಬಿಟ್ಟು ಗಳಿಸಿದ್ದನ್ನೆಲ್ಲ ರಾತ್ರಿಯ ಲೋಟದಲ್ಲಿ ಕಳೆಯುತ್ತಿದ್ದೆವು. ಸೋಡಾದ ಸೋಡಿಯಂ ಅಡುಗೆ ಉಪ್ಪಿನಷ್ಟೇ ಒತ್ತಡ ಏರಿಸುತ್ತದೆಯೇ ಎಂಬುದರಲ್ಲಿ ತಜ್ಞರಿಗೆ ಏಕಾಭಿಪ್ರಾಯವಿಲ್ಲ. ಆದರೆ ಹೃದಯ ದುರ್ಬಲವಾದವರಲ್ಲಿ, ಮೂತ್ರಪಿಂಡ ಸೋತವರಲ್ಲಿ ಅದು ಮೈಯಲ್ಲಿ ನೀರು ನಿಲ್ಲಿಸುತ್ತದೆ. ವೈದ್ಯರಿಗೆ ಕೊನೆಗೂ ವಿಷಯ ತಿಳಿಸಿದ ಮೇಲೆ ಅವರು ಸೋಡಾ ನಿಲ್ಲಿಸಿ, ಹುಳಿತೇಗಿಗೆ ಬೇರೆ ಮಾತ್ರೆ ಕೊಟ್ಟು, ರಾತ್ರಿಯ ಊಟವನ್ನು ಎಂಟಕ್ಕೆ ತಂದರು. ಊಟ ಬೇಗ ಮಾಡಿದ್ದೇ ಹೆಚ್ಚು ಗುಣ ಕೊಟ್ಟಿತು ಎಂದು ನಮ್ಮ ಅನಿಸಿಕೆ.

ಸೋಡಾ ಕುಡಿದಾಗ ಸುಖವೆನಿಸುವುದು ಸುಳ್ಳಲ್ಲ. ಜಠರದ ಆಮ್ಲದೊಡನೆ ಸೇರಿ ಅದು ಆಮ್ಲವನ್ನು ತಣಿಸುತ್ತದೆ. ಜೊತೆಗೆ ಅನಿಲವೂ ಹುಟ್ಟುತ್ತದೆ, ತೇಗು ಬಂದು ಹಗುರವಾದಂತೆ ಅನ್ನಿಸುತ್ತದೆ. ನಾವು ಹೊರಹೋಯಿತು ಅಂದುಕೊಳ್ಳುವ ಗ್ಯಾಸಿನಲ್ಲಿ ಬಹುಪಾಲು ಆಗತಾನೇ ನಾವೇ ಕುಡಿದದ್ದು! ಮದುವೆಯೂಟ ಮಾಡಿ ಹೊಟ್ಟೆ ಬಿರಿಯುವಂತಿರುವಾಗ ಇದನ್ನು ಕುಡಿಯಲೇಬಾರದು. ತುಂಬಿದ ಜಠರದಲ್ಲಿ ಒಮ್ಮೆಲೇ ಅನಿಲ ಎದ್ದು ಜಠರವೇ ಹರಿದ ಪ್ರಕರಣಗಳು ಅಪರೂಪವಾದರೂ ವೈದ್ಯಕೀಯ ದಾಖಲೆಯಲ್ಲಿವೆ. ಅಮೆರಿಕದಲ್ಲಿ ಮಾರುವ ಸೋಡಾದ ಡಬ್ಬಿಯ ಮೇಲೆ ಈ ಎಚ್ಚರಿಕೆಯನ್ನೇ ಅಚ್ಚು ಹಾಕುತ್ತಾರೆ. ಐದು ವರ್ಷದೊಳಗಿನ ಮಕ್ಕಳಿಗೆ ಕೊಡಬೇಡಿ, ಅರವತ್ತು ದಾಟಿದವರಿಗೆ ಪ್ರಮಾಣ ಕಡಿಮೆ, ಗರಿಷ್ಠ ಪ್ರಮಾಣವನ್ನು ಎರಡು ವಾರಕ್ಕಿಂತ ಹೆಚ್ಚು ಕಾಲ ಬೇಡ ಎಂದೂ ಅಲ್ಲಿರುತ್ತದೆ. ನಮ್ಮ ಅಂಗಡಿಯ ಕಾಗದದ ಪೊಟ್ಟಣದಲ್ಲಿ ಬೇಕಾದರೆ ಹಳೆಯ ಸಿನಿಮಾ ಜಾಹೀರಾತು ಇದ್ದೀತು.

ದಿನವೂ ಹೆಚ್ಚಾಗಿ ಕುಡಿದರೆ ರಕ್ತವೇ ಕ್ಷಾರದ ಕಡೆ ವಾಲಿ ಪೊಟ್ಯಾಸಿಯಂ ಇಳಿಯುತ್ತದೆ. ಸುಸ್ತು, ಸ್ನಾಯು ಸೆಳೆತ, ಎದೆಬಡಿತದ ಏರುಪೇರು ಕಾಣಿಸಿಕೊಳ್ಳುತ್ತವೆ. ಹಾಲು, ಕ್ಯಾಲ್ಸಿಯಂ ಮಾತ್ರೆಯ ಜೊತೆ ಸೋಡಾವನ್ನೂ ಹೆಚ್ಚಾಗಿ ತೆಗೆದುಕೊಂಡರೆ ಮೂತ್ರಪಿಂಡಕ್ಕೆ ಪೆಟ್ಟು. ಇದು ಹಳೆಯ ಪಾಠ. 1915ರಲ್ಲಿ ಶಿಕಾಗೋದ ವೈದ್ಯ ಬರ್ಟ್ರಾಮ್ ಸಿಪ್ಪಿ ಹುಣ್ಣಿಗೆ ಹಾಲು ಮತ್ತು ಕ್ಷಾರದ ಚಿಕಿತ್ಸೆ ಹೇಳಿದರು, ಮುಂದೆ ಅದರಿಂದ ಹುಟ್ಟಿದ ತೊಂದರೆಗೆ ಹಾಲು-ಕ್ಷಾರ ರೋಗವೆಂದೇ ಹೆಸರು ಬಂತು. ಇತರ ಮಾತ್ರೆಗಳು ಮೈಗೆ ಹಿಡಿಯುವುದನ್ನೂ ಸೋಡಾ ಏರುಪೇರು ಮಾಡುತ್ತದೆ, ಕಬ್ಬಿಣಾಂಶದ ಮಾತ್ರೆ ಅದಕ್ಕೊಂದು ಉದಾಹರಣೆ. ಗರ್ಭಿಣಿಯರು ವೈದ್ಯರನ್ನು ಕೇಳದೆ ಕುಡಿಯಬಾರದು. ಅಳುವ ಕೂಸಿಗೆ ಸೋಡಾ ನೀರು ಕುಡಿಸುವ ಹಳೆಯ ಪದ್ಧತಿಯನ್ನು ದಯವಿಟ್ಟು ಬಿಡಿ. ಇನ್ನೊಂದು ಕಡೆ, ಮೂತ್ರಪಿಂಡದ ಕಾಯಿಲೆಯವರಿಗೆ ವೈದ್ಯರೇ ಸೋಡಿಯಂ ಬೈಕಾರ್ಬೊನೇಟ್ ಮಾತ್ರೆ ಬರೆದುಕೊಡುವುದುಂಟು, ಅವರ ರಕ್ತದಲ್ಲಿ ಆಮ್ಲ ಹೆಚ್ಚಾಗಿರುತ್ತದೆ. ಅಂಥವರು ಈ ಲೇಖನ ಓದಿ ಮಾತ್ರೆ ನಿಲ್ಲಿಸಬಾರದು.

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಎದೆ ಬಿಗಿತ, ತಣ್ಣನೆಯ ಬೆವರು, ಎಡಗೈಗೋ ದವಡೆಗೋ ಹರಿಯುವ ನೋವು, ಇದ್ದಕ್ಕಿದ್ದಂತೆ ಉಸಿರುಗಟ್ಟುವುದು ಗ್ಯಾಸಲ್ಲದೆ ಹೃದಯಾಘಾತವೂ ಆಗಿರಬಹುದು. ಸೋಡಾ ಕುಡಿದು ಮಲಗಿ ನೋಡೋಣ ಎಂದು ಕಾಯುವುದರಲ್ಲೇ ಬೆಲೆಯುಳ್ಳ ಗಂಟೆ ಹೋಗುತ್ತದೆ. ನಮ್ಮ ಹಳ್ಳಿಗಳಿಂದ ಕರ್ನೂಲಿಗೋ ಆದೋನಿಗೋ ಮುಟ್ಟಲು ಬೇಕಾಗುವ ಹೊತ್ತು ನಿಮಗೂ ಗೊತ್ತಿದೆ. ಮೊದಲು 108ಕ್ಕೆ ಫೋನು ಮಾಡಿ.

ಮತ್ತೆ ಬಟ್ಟೆ ಸೋಡಾಕ್ಕೆ. ಗಟ್ಟಿಯಾಗಿ ಬಾಯಿಗೆ ಹೋದರೆ ಅದು ಬಾಯಿ, ಅನ್ನನಾಳಗಳನ್ನು ಸುಡುತ್ತದೆ. ಹಾಗಾದಾಗ ವಾಂತಿ ಮಾಡಿಸಬಾರದು, ಸುಟ್ಟದ್ದು ಎರಡನೆಯ ಸಲ ಸುಡುತ್ತದೆ. ಕ್ಷಾರಕ್ಕೆ ಹುಳಿ ಎಂದು ನಿಂಬೆರಸ ಕುಡಿಸಲೂಬಾರದು. ಬಾಯಿ ಮುಕ್ಕಳಿಸಿ, ಪೊಟ್ಟಣವನ್ನೂ ಜೊತೆಗಿಟ್ಟುಕೊಂಡು ಆಸ್ಪತ್ರೆಗೆ ಹೋಗಬೇಕು. ಎರಡು ಪುಡಿಗಳನ್ನು ಮನೆಯಲ್ಲಿ ಗುರುತಿಸುವುದು ಹೇಗೆ ಎಂದು ಹಲವರು ಕೇಳಿದ್ದಾರೆ. ನಿಂಬೆ ಹಿಂಡಿ ನೊರೆ ಬಂದರೆ ತಿನ್ನೋ ಸೋಡಾ ಎಂಬ ನಂಬಿಕೆ ತಪ್ಪು, ಎರಡೂ ನೊರೆ ಬಿಡುತ್ತವೆ. ನೊರೆಯಿಂದ ತಿಳಿಯುವುದು ತಿನ್ನೋ ಸೋಡಾ ಹಳತಾಗಿ ಸತ್ವ ಕಳೆದಿದೆಯೇ ಎಂಬುದು ಮಾತ್ರ. ಅರಿಸಿನ ನೀರಿಗೆ ಬಟ್ಟೆ ಸೋಡಾ ಬಿದ್ದರೆ ಗಾಢ ಕೆಂಪಾಗುತ್ತದೆ, ಆದರೆ ತಿನ್ನೋ ಸೋಡಾಕ್ಕೂ ಸ್ವಲ್ಪ ಕೆಂಪು ಬರಬಹುದು. ಆ ದಿನ ಅಕ್ಕನವರ ಕಣ್ಣು ನಮ್ಮನ್ನು ಉಳಿಸಿತೆಂದು ಅದನ್ನೇ ಪರೀಕ್ಷೆ ಮಾಡಿಕೊಳ್ಳುವಂತಿಲ್ಲ. ನಾಲಿಗೆಯ ಮೇಲಂತೂ ಇಟ್ಟು ನೋಡಬೇಡಿ. ಅನುಮಾನ ಬಂದರೆ ಚೆಲ್ಲಿಬಿಡಿ. ಕೊಳ್ಳುವಾಗ ಮುದ್ರೆಯೊಡೆಯದ ಪೊಟ್ಟಣ, ಅದರ ಮೇಲೆ ಎಫ್‌ಎಸ್‌ಎಸ್‌ಎಐ ಗುರುತು ಮತ್ತು 14 ಅಂಕಿಯ ಪರವಾನಗಿ ಸಂಖ್ಯೆ, ಸೋಡಿಯಂ ಬೈಕಾರ್ಬೊನೇಟ್ ಎಂಬ ಹೆಸರು ಇರಬೇಕು. ಕನ್ನಡದಲ್ಲಿ ಅಚ್ಚಾದ ಪೊಟ್ಟಣ ನಮ್ಮ ಕಡೆ ಸಿಗುವುದು ಕಷ್ಟ. ಓದಲು ಬಾರದ ಹಿರಿಯರಿಗಾಗಿ ಮನೆಯ ಮಕ್ಕಳು ಡಬ್ಬಿಯ ಮೇಲೆ ಕನ್ನಡದಲ್ಲೋ ತೆಲುಗಿನಲ್ಲೋ ಚೀಟಿ ಅಂಟಿಸಿ, ಅದರ ಗುರುತನ್ನು ಅವರಿಗೆ ತೋರಿಸಿಕೊಡಲಿ.

ಈ ಸಲದ ನವೆಂಬರ್ 1ರ ಅಡುಗೆಗೆ ಪಟ್ಟಿ ಸಿದ್ಧವಾಗಿದೆ. ಅದರಲ್ಲಿ 'ತಿನ್ನೋ ಸೋಡಾ, ಮುದ್ರೆಯ ಪೊಟ್ಟಣ, 100 ಗ್ರಾಂ' ಎಂದು ಒಂದು ಸಾಲು. ಬಟ್ಟೆ ಸೋಡಾ ಆ ಪಟ್ಟಿಯಲ್ಲೇ ಇಲ್ಲ, ಅದನ್ನು ಹಬ್ಬ ಮುಗಿದ ಮರುದಿನ ಬೇರೆಯಾಗಿ ತರುತ್ತೇವೆ. ಬಿ.ಪಿ., ಮೂತ್ರಪಿಂಡದ ತೊಂದರೆ ಇರುವವರು ಮುಂಚಿತವಾಗಿ ಹೆಸರು ಕೊಟ್ಟರೆ ಅವರಿಗೆ ಉಪ್ಪು ಕಡಿಮೆ ಹಾಕಿದ ಒಗ್ಗರಣೆಯನ್ನು ಬೇರೆ ಬಾಣಲೆಯಲ್ಲಿ ಮಾಡುವುದಾಗಿ ಅಕ್ಕನವರು ಒಪ್ಪಿದ್ದಾರೆ. ಬಜ್ಜಿ ಕರಿಯಲು ಕೈಜೋಡಿಸುವವರು ಬೆಳಿಗ್ಗೆ ಐದು ಗಂಟೆಗೆ ಬರಬೇಕಾಗಿ ವಿನಂತಿ.